ರೊಟ್ಟಿಯ ಮೇಲಿನ ಭಾರ

"ರೊಟ್ಟಿ ಮ್ಯಾಲೆ ಇಡಾಕೆ ನಿಂಗೆ ಬ್ಯಾರೆ ಕಲ್ಲು ಸಿಗ್ಲಿಲ್ವೇನಯ್ಯಾ?" ಮನೆ ಮಾಲೀಕ ಹನುಮಂತಯ್ಯನವರದು ಬೆಳಗಿನಿಂದ ಇದೇ ರಾಗ.

ಮಾಕಳಿಯ ಗುಜರಿ ಅಂಗಡಿಯಿಂದ ಆ ಸೀಸದ ಡಬ್ಬಿ ತಂದವನು ಬಾಡಿಗೆಗಿದ್ದ ಭರಮಪ್ಪನೇ. ಅಂಗೈಯಗಲದ್ದು, ಎತ್ತಿದರೆ ತೋಳು ಜಗ್ಗುವ ತೂಕ. ಜೋಳದ ರೊಟ್ಟಿ ಒಣಗುವಾಗ ಡೊಂಕಾಗದಿರಲೆಂದು ಊರಲ್ಲಿ ಕಲ್ಲು ಹೇರುವಂತೆ, ಅವನ ಹೆಂಡತಿ ಮಹಾದೇವಿ ಇಲ್ಲಿ ತಟ್ಟೆ ಮುಚ್ಚಿ ಅದನ್ನು ಹೇರುತ್ತಿದ್ದಳು. ಅವಳಿಗೀಗ ಏಳು ತಿಂಗಳು. ನಿನ್ನೆ ನಲ್ಲಿ ನೋಡಲು ಬಂದ ಹನುಮಂತಯ್ಯ ಡಬ್ಬಿಯ ತಳದಲ್ಲಿ ಮೂರು ರೆಕ್ಕೆಯ ಗುರುತು ಕಂಡು, "ಅಣು ವಿಷ ಕಣ್ರಪ್ಪೋ!" ಎಂದು ಕೂಗಿಕೊಂಡಿದ್ದರು. ಆಗಿನಿಂದ ಅವಳು ಒಳಗೆ ಕಾಲಿಟ್ಟಿರಲಿಲ್ಲ. ರಾತ್ರಿ ಪಕ್ಕದ ಮನೆಯಲ್ಲಿ ಮಲಗಿ, ಈಗ ಗೇಟಿನಾಚೆ ಹೊಟ್ಟೆ ಹಿಡಿದು ನಿಂತಿದ್ದಳು.

ಗುಜರಿ ಮಾಲೀಕ ಕರೆಸಿದ್ದ ಬಿಂದುಶ್ರೀ, ಎರಕದ ಕಾರ್ಖಾನೆಯೊಂದರಲ್ಲಿ ವಿಕಿರಣ ಅಳೆಯುವವಳು, ಡಬ್ಬಿಗೆ ಮೀಟರು ಹಿಡಿದಳು. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಅಷ್ಟೇ.

"ಎಕ್ಸ್‌ರೇ ಥರ ಕಿರಣ ಹಾಯಿಸಿ ಬೆಸುಗೆ ಪರೀಕ್ಷೆ ಮಾಡೋರ ಡಬ್ಬಿ ಇದು. ಒಳಗಿದ್ದ ವಿಕಿರಣ ಸೂಸೋ ಇರಿಡಿಯಂ ಎರಡೂವರೆ ತಿಂಗಳಿಗೊಂದ್ಸಲ ಅರ್ಧ ಆಗುತ್ತೆ. ತಾರೀಖು ನೋಡಿ, ಹದಿಮೂರು ವರ್ಷ ಹಳೇದು. ಈಗ ಹೆಚ್ಚುಕಮ್ಮಿ ಎಲ್ಲಾ ಪ್ಲಾಟಿನಂ ಆಗಿ ಸುಮ್ನೆ ಕೂತಿದೆ."

"ಪ್ಲಾಟಿನಮ್ಮಾ!" ಹನುಮಂತಯ್ಯ ಎರಡು ಹೆಜ್ಜೆ ಹತ್ತಿರ ಬಂದರು.

"ಸಾಸಿವೆ ಕಾಳಷ್ಟೂ ಇರಲ್ಲ ಸಾರ್."

ಭರಮಪ್ಪ ಉಸಿರು ಬಿಟ್ಟ. ಬಿಂದುಶ್ರೀ ಹೊರಬರಲು ಬಾಗಿಲು ದಾಟುವಾಗ ಮಾತ್ರ ಮೀಟರು ಟಿಕ್‌ಟಿಕ್‌ಟಿಕ್ ಎಂದು ಚುರುಕಾಯಿತು. ಅವನು ಬಾಗಿಲಿಗೆ ಓಡಿಬಂದ.

"ಮೇಡಂ, ಇದೇನ್ರೀ?"

ಬಿಂದುಶ್ರೀ ಬಗ್ಗಿ ನೋಡಿ ನಕ್ಕಳು. "ಇದು ಓನರ್ ಸಾರ್ ಮೆಟ್ಲು! ಗ್ರಾನೈಟ್‌ನಲ್ಲಿ ಚೂರು ಯುರೇನಿಯಂ ಇದ್ದೇ ಇರುತ್ತೆ. ಅದು ಇನ್ನೊಂದಾಗಿ, ಅದು ಮತ್ತೊಂದಾಗಿ, ಎಷ್ಟೋ ಕೋಟಿ ವರ್ಷಕ್ಕೆ ಸೀಸ ಆಗಿ ನಿಲ್ಲುತ್ತೆ. ಯಾರಿಗೂ ಏನೂ ಆಗಲ್ಲ."

"ನನ್ ಮೆಟ್ಲಾ? ಆರಿಸಿ ಆರಿಸಿ ಆಕ್ಸಿದ್ದು ಕಣಮ್ಮಾ!"

"ಚೆನ್ನಾಗೇ ಇದೆ ಬಿಡಿ ಸಾರ್. ಭರಮಪ್ಪ, ಡಬ್ಬಿ ನಾನು ತಗೊಂಡ್ಹೋಗ್ತೀನಿ. ವಿಕಿರಣ ಇಲ್ದಿದ್ರೂ ಸೀಸಾನೂ ವಿಷಾನೇ, ಊಟದ ಹತ್ರ ಬೇಡ. ಡಾಕ್ಟ್ರಿಗೂ ಒಂದ್ಮಾತು ಹೇಳಿ."

"ಕೂಸಿಗೇನೂ ಆಗಿಲ್ಲಲ್ರೀ?" ಗೇಟಿನಾಚೆಯಿಂದಲೇ ಮಹಾದೇವಿ ಕೇಳಿದಳು.

"ವಿಕಿರಣದಿಂದ ಏನೂ ಆಗಿಲ್ಲಮ್ಮ. ಬನ್ನಿ ಒಳಗೆ."

ಅವಳು ಗೇಟು ದೂಡಿಕೊಂಡು ನಿಧಾನಕ್ಕೆ ಬಂದಳು. ಹನುಮಂತಯ್ಯ ಪಂಚೆಯೆತ್ತಿ ದಾರಿ ಬಿಟ್ಟರು. ಮಹಾದೇವಿ ಭರಮಪ್ಪನ ಭುಜ ಹಿಡಿದು ಅದೇ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದಳು. ಬಾತ ಪಾದದಿಂದ ಒಂದು ಚಪ್ಪಲಿ ಜಾರಿ ಅಂಗಳಕ್ಕೆ ಬಿತ್ತು. ಭರಮಪ್ಪ ಬಗ್ಗಿ ಅದನ್ನೆತ್ತಿಕೊಂಡ.