ಹಲ್ಲಿಲ್ಲದ ಪಾಚ್ಮಂಟಿ

ಭವ್ಯಾ ತೀರಿಹೋದ ಅಮ್ಮ ಅಣ್ಣಮ್ಮನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದಾಗಲೇ ಕಾಫಿ ಎಸ್ಟೇಟಿನ ಜೀಪು ಕೂಲಿಯವರ ಲೈನ್ ಮನೆಗಳ ಮುಂದೆ ಬಂದು ನಿಂತಿತು. ಸೋದರಮಾವ ಗುರುವಯ್ಯ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ಏಳೇ ಭವ್ಯಾ, ಶಾಲಿನಿ ಅಮ್ಮಾವ್ರು ಬಂದ್ರು."

"ಗಂಟು ಹಾಕ್ತಿದೀನಿ ಮಾವ."

"ಅಣ್ಣಮ್ಮಂದು ಪುಣ್ಯ ಮಾರಾಯ್ತಿ," ಪಕ್ಕದ ಮನೆಯ ಕುಸುಮಾ ಪಿಸುಗುಟ್ಟಿದಳು. "ಟೀವಿಲಿ ಬರೋರು ಅಂಗಳಕ್ಕೇ ಬಂದಿದಾರೆ."

ಭವ್ಯಾ ಗಂಟನ್ನು ಮತ್ತೆ ಬಿಗಿದಳು. ಶಾಲಿನಿಯನ್ನು ಒಂದೇ ಒಂದು ಮಾತು ಕೇಳಬೇಕಿತ್ತು. ಅಮ್ಮ ಮಣ್ಣಿಗೆ ಹೋಗುವ ಮೊದಲು, ಇಷ್ಟು ಜನರ ಎದುರಿಗೆ.

*

ಹಣ್ಣಿನ ಸಿಪ್ಪೆ ಸುಲಿದು ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯನ್ನು ಮಕ್ಕಳು ತುಳಿದರೆ ಬೈಗುಳ ಕಣ ಕಾಯುವ ಅಣ್ಣಮ್ಮನಿಗೆ. ಅದಕ್ಕೇ ಅವಳೊಂದು ಕತೆ ಕಟ್ಟಿದಳು. ಬೀಜದಡಿಯಲ್ಲಿ ಪಾಚ್ಮಂಟಿ ಇದ್ದಾನೆ, ತುಳಿದವರ ಹಿಮ್ಮಡಿ ಕಚ್ಚುತ್ತಾನೆ. ಪಾರ್ಚ್‌ಮೆಂಟ್ ಅನ್ನಲು ಅವಳ ನಾಲಿಗೆ ತಿರುಗುತ್ತಿರಲಿಲ್ಲ. ಅದೇ ಅವನ ಹೆಸರಾಯಿತು. ಭವ್ಯಾ ಹೆದರಿ ಕಣದಂಚಿನಲ್ಲೇ ನಿಲ್ಲುತ್ತಿದ್ದಳು. ಒಡೆಯರ ಮಗಳು ಶಾಲಿನಿ ಅಣ್ಣಮ್ಮನ ಸೊಂಟವೇರಿ ಕೂತು ನಗುತ್ತಿದ್ದಳು.

ಆ ಶಾಲಿನಿ ದೊಡ್ಡವಳಾಗಿ ಕತೆಯನ್ನು ಪುಸ್ತಕ ಮಾಡಿದಳು. ಒಂದು ಏಳಾಯಿತು, ಆಮೇಲೆ ಟೀವಿ ಕಾರ್ಟೂನು, ಬೊಂಬೆ, ನೀರಿನ ಬಾಟಲಿ. ಪ್ರತಿ ಪುಸ್ತಕದ ಮೊದಲ ಪುಟದಲ್ಲೂ ಅದೇ ಸಾಲು: 'ಈ ಕತೆ ಹೇಳಿದ ಅಜ್ಜಿ ರುಕ್ಮಿಣಮ್ಮನಿಗೆ.' ಹೋದ ವರ್ಷ ಭವ್ಯಾ ಮಗಳಿಗೆಂದು ಬಣಕಲ್ಲಿನಿಂದ ಪಾಚ್ಮಂಟಿಯ ಚಿತ್ರವಿದ್ದ ಸ್ಕೂಲ್ ಬ್ಯಾಗು ತಂದಾಗ ಅಣ್ಣಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದಳು.

"ಇವನ ಹಲ್ಲೆಲ್ಲ ಯಾರು ಕಿತ್ರೇ?"

*

ಶಾಲಿನಿ ಹಾರ ಹಾಕಿ ಕಣ್ಣೊರೆಸಿಕೊಂಡಳು. "ನನ್ನ ಎತ್ತಿ ಆಡಿಸಿದವಳು."

"ಪಾಚ್ಮಂಟಿ ಕತೆ ಹೇಳಿದ್ದೂ ಅಮ್ಮಾನೇ ಅಲ್ವಾ ಮೇಡಂ?" ಭವ್ಯಾ ಎದ್ದು ನಿಂತಳು. "ಮುಂದಿನ ಪುಸ್ತಕದಲ್ಲಿ ಅವಳ ಹೆಸರು ಹಾಕ್ತೀರಾ?"

ಅಳುತ್ತಿದ್ದ ಹೆಂಗಸರು ಶಾಲಿನಿಯ ಕಡೆ ತಿರುಗಿದರು.

"ನಂಗೆ ಅಜ್ಜಿ ಹೇಳಿದ್ದೇ ನೆನಪು ಭವ್ಯಾ. ಅಣ್ಣಮ್ಮನೂ ಹೇಳಿರ್ಬೋದು, ಈಗ ಯಾರಿಗೆ ಗೊತ್ತು? ಆ ಹೆಸರಿನ ಅರ್ಥಾನೇ ನಂಗೆ ಗೊತ್ತಿಲ್ಲ. ಎಲ್ಲೋದ್ರೂ ಮಕ್ಕಳು ಅದನ್ನೇ ಕೇಳ್ತಾರೆ."

"ನಂಗೊತ್ತು. ಹೆಸರು ಹಾಕ್ತೀನಿ ಅನ್ನಿ, ಹೇಳ್ತೀನಿ."

"ಬಾಯ್ಮುಚ್ಚೇ!" ಗುರುವಯ್ಯ ಅವಳ ತೋಳು ಹಿಡಿದು ಬದಿಗೆಳೆದ. "ನಾವಿರೋ ಮನೆ ಯಾರದ್ದು ಅಂದ್ಕೊಂಡಿದೀಯ?" ಆಮೇಲೆ ಶಾಲಿನಿಯ ಕಡೆ ತಿರುಗಿ ಹಲ್ಲುಕಿರಿದ. "ಅದ್ರಲ್ಲಿ ಗುಟ್ಟೇನಿದೆ ಅಮ್ಮಾವ್ರೆ? ಪಾರ್ಚ್‌ಮೆಂಟು! ನನ್ ತಂಗಿಗೆ ನಾಲಿಗೆ ತಿರುಗ್ತಿರ್ಲಿಲ್ಲ, ಪಾಚ್ಮಂಟಿ, ಪಾಚ್ಮಂಟಿ ಅಂತಿದ್ಲು."

ಕುಸುಮಾ ಸೆರಗಿನೊಳಗೆ ನಕ್ಕಳು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಶಾಲಿನಿ ಫೋನು ತೆಗೆದು ರೆಕಾರ್ಡಿಂಗ್ ಒತ್ತಿ ಚಾಚಿದಳು. "ಇನ್ನೊಂದ್ಸಲ ಹೇಳಿ ಗುರುವಯ್ಯ. ಅವಳು ಅಂತಿದ್ದ ಹಾಗೇ."

ಗುರುವಯ್ಯ ತಂಗಿಯ ಹೆಣದ ಮೇಲಿಂದ ಬಾಗಿ, ಮುಗಿದ ಕೈ ಬಿಡದೆ, ಫೋನಿಗೆ ಬಾಯಿಟ್ಟು ಜೋರಾಗಿ ಹೇಳಿದ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಯಾರೂ ಕೇಳದೆಯೇ ಇನ್ನೊಮ್ಮೆ ಹೇಳಿದ.