ಕರಿ ಎಣ್ಣೆ, ಬಿಳಿ ಬೆಡ್‌ಶೀಟು

ಲಾಂಡ್ರಿಯಾಕೆ ಒದ್ದೆ ಬೆಡ್‌ಶೀಟೊಂದನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು ಗ್ಯಾರೇಜಿನೊಳಗೆ ಬಂದಾಗ ಮೇಸ್ತ್ರಿ ಕಾರೊಂದರ ಕೆಳಗೆ ಅಂಗಾತ ಮಲಗಿದ್ದ. ಅವನಿಗೆ ಕಂಡದ್ದು ಎರಡು ಚಪ್ಪಲಿ, ಅವುಗಳ ಪಕ್ಕದಲ್ಲಿ ತೊಟ್ಟಿಕ್ಕುತ್ತಿದ್ದ ನೀರು.

"ಹೊರಗೆ ಬನ್ನಿ ಮೇಸ್ತ್ರಿ. ನಿಮ್ಮ ಒಲೆ ಏನು ಮಾಡಿದೆ ನೋಡಿ."

ಅವನು ತೆವಳಿಕೊಂಡು ಹೊರಬಂದ. ಬಿಳಿ ಬಟ್ಟೆಯ ಮೇಲೆ ಮೆಣಸಿನ ಕಾಳು ಚೆಲ್ಲಿದಂತೆ ಮಸಿಯ ಚುಕ್ಕೆಗಳು.

ಒಲೆ ಅವನೇ ಮಾಡಿದ್ದು. ಗಾಡಿಗಳಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಹಿತ್ತಲಿನ ಡ್ರಮ್ಮಿನಲ್ಲಿ ತುಂಬುತ್ತಲೇ ಇತ್ತು. ಗ್ಯಾರೇಜನ್ನು ಅವನಿಗೆ ಮಾರಿದ ಹಿಂದಿನ ಮಾಲೀಕ ಅದನ್ನು ನೆಲಕ್ಕೇ ಸುರಿಯುತ್ತಿದ್ದನಂತೆ. ಹಿತ್ತಲಿನ ಆ ಮೂಲೆಯಲ್ಲಿ ಇವತ್ತಿಗೂ ಒಂದು ಹುಲ್ಲುಕಡ್ಡಿ ಹುಟ್ಟುವುದಿಲ್ಲ. ತಾನು ಹಾಗೆ ಮಾಡಬಾರದೆಂದು ಮೇಸ್ತ್ರಿ ಹಳೇ ಸಿಲಿಂಡರಿಗೆ ಪೈಪು ಬೆಸೆದು, ಆ ಎಣ್ಣೆಯಲ್ಲೇ ಉರಿಯುವ ಒಲೆ ಕಟ್ಟಿದ್ದ. ನೀರು ಚೆನ್ನಾಗಿ ಕಾಯುತ್ತಿತ್ತು. ಆದರೆ ಗಾಳಿ ಪಕ್ಕದ ಲಾಂಡ್ರಿಯ ಕಡೆಗೇ ಬೀಸುತ್ತಿತ್ತು.

"ತಪ್ಪಾಯ್ತು," ಎಂದ ಮೇಸ್ತ್ರಿ. "ಇವತ್ತೇ ಆರಿಸ್ತೀನಿ."

ಜಗಳಕ್ಕೆ ಸೊಂಟ ಕಟ್ಟಿ ಬಂದಿದ್ದ ಅವಳು ಬೆಡ್‌ಶೀಟು ಮಡಚಿಕೊಂಡು ಹೊರಟುಹೋದಳು.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಮೇಸ್ತ್ರಿಯ ಅತ್ತೆ, ತೀರಿಹೋದ ಹೆಂಡತಿಯ ತಾಯಿ. ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ಇನ್ನೇನು ಕೆಲಸ ಎಂದು ಯಾರೋ ಕೇಳಿದ್ದಕ್ಕೆ, "ಅಳಿಯ ಇದಾನಲ್ಲ" ಅಂದಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಅತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಹಳೇ ಎಣ್ಣೆ ಬಳಿದರೆ ಮರಕ್ಕೆ ಗೆದ್ದಲು ಹತ್ತುವುದಿಲ್ಲವೆಂದು ಎಲ್ಲೋ ಕೇಳಿದ್ದವಳು, ಒಂದು ಮಧ್ಯಾಹ್ನ ಬ್ರಷ್ಷು ಹಿಡಿದು ಬೇಲಿಯ ಗೂಟಗಳಿಗೆಲ್ಲ ಬಳಿದಳು. ಗೂಟ ಮುಗಿದರೂ ಎಣ್ಣೆ ಉಳಿದಿತ್ತು. ಪಕ್ಕದ ಲಾಂಡ್ರಿಯ ಬಟ್ಟೆ ಒಣಗಿಸುವ ಕಂಬಗಳಿಗೂ ಗೆದ್ದಲು ಹಿಡಿದದ್ದು ಕಣ್ಣಿಗೆ ಬಿತ್ತು. ಪಾಪ, ನೆರೆಯವಳಿಗೂ ಉಪಕಾರವಾಗಲಿ ಎಂದುಕೊಂಡಳು.

ಮರುದಿನ ಗಾಳಿಗೆ ಹಾರಿದ ಬಟ್ಟೆಗಳೆಲ್ಲ ಕಂಬಗಳನ್ನು ತಬ್ಬಿಕೊಂಡವು.

ಈ ಸಲ ಲಾಂಡ್ರಿಯಾಕೆ ಒಂದು ಕುಕ್ಕೆ ಬಟ್ಟೆಯನ್ನೇ ಹೊತ್ತು ತಂದಳು. ಅತ್ತೆಯೇ ಮುಂದೆ ಬಂದು, "ನಾನೇ ಮಾರಾಯ್ತಿ. ಕಂಬ ಉಳಿಸೋಕೆ ಹೋದೆ," ಎಂದು ಬ್ರಷ್ಷು ತೋರಿಸಿದಳು. ಅವಳ ಮೂಗಿನ ತುದಿಯಲ್ಲೂ ಕರಿ ಎಣ್ಣೆ. ಅದನ್ನು ನೋಡಿ ಲಾಂಡ್ರಿಯಾಕೆಗೆ ನಗು ತಡೆಯಲಾಗಲಿಲ್ಲ. ಕುಕ್ಕೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕುಕ್ಕರಿಸಿ ನಕ್ಕಳು.

ಅತ್ತೆ ಟೀ ಮಾಡಿದಳು. ಟೀ ಕುಡಿಯುತ್ತ ಲಾಂಡ್ರಿಯಾಕೆ ಹೇಳಿದಳು, "ಬಸ್ ಡಿಪೋದವರ ಸಮವಸ್ತ್ರ ನಾನೇ ಒಗೆಯೋದು. ಅಲ್ಲಿಗೆ ಒಂದು ಲಾರಿ ಬರುತ್ತೆ. ಹಳೇ ಆಯಿಲ್ ತುಂಬ್ಕೊಂಡು ಕಾರ್ಖಾನೆಗೆ ಒಯ್ತಾರಂತೆ, ಮತ್ತೆ ಹೊಸದು ಮಾಡೋಕೆ. ಇಲ್ಲಿಗೂ ಬನ್ನಿ ಅಂತ ಹೇಳ್ಲಾ?"

"ಪುಣ್ಯ ಬರುತ್ತೆ," ಎಂದ ಮೇಸ್ತ್ರಿ.

ಲಾರಿ ಬಂತು. ಆದರೆ ಲಾರಿಯವನು ಡ್ರಮ್ಮಿಗೆ ಉದ್ದದ ಕಡ್ಡಿ ಅದ್ದಿ ತೆಗೆದು ನೋಡಿ ತಲೆಯಾಡಿಸಿದ. ಮುಚ್ಚಳವಿಲ್ಲದ ಡ್ರಮ್ಮು ಸೂರಿನ ನೀರು ಬೀಳುವಲ್ಲೇ ನಿಂತಿತ್ತು. ಮಳೆ ನೀರೆಲ್ಲ ಒಳಗೆ ಸೇರಿತ್ತು.

"ನೀರು ಬೆರೆತದ್ದು ಬೇಡ. ಎಣ್ಣೆ ಏನೂ ಸತ್ತಿರಲ್ಲ ಮೇಸ್ತ್ರಿಗಳೇ, ಕೊಳೆ ಆಗಿರುತ್ತೆ ಅಷ್ಟೆ. ಕಾರ್ಖಾನೇಲಿ ಕಾಯಿಸಿ, ಸೋಸಿ, ಕೊಳೆ ತೆಗೀತಾರೆ."

"ಹಾಗಾದ್ರೆ ನಿಮ್ಮದೂ ಲಾಂಡ್ರಿನೇ ಅನ್ನಿ," ಎಂದಳು ಲಾಂಡ್ರಿಯಾಕೆ.

"ಹೂಂ ಅಮ್ಮ. ಆದ್ರೆ ನಮ್ಮ ಲಾಂಡ್ರಿಗೆ ನೀರು ಆಗ್ಬರಲ್ಲ, ಇಳಿಸಿಡಿ. ಮುಂದಿನ ಸಲ ಒಯ್ತೀನಿ."

ಮೇಸ್ತ್ರಿ ಡ್ರಮ್ಮನ್ನು ಮಾಡಿನ ಕೆಳಗೆ ಎಳೆದು, ಬಿಗಿಯಾದ ಮುಚ್ಚಳ ಹಾಕಿದ. ಎಣ್ಣೆ ಮೇಲೆ ನಿಲ್ಲುತ್ತದೆ, ನೀರು ಬುಡಕ್ಕೆ ಇಳಿಯುತ್ತದೆ. ಬುಡದಲ್ಲಿದ್ದ ನಲ್ಲಿಯನ್ನು ತುಸುವೇ ತಿರುಗಿಸಿ, ಇಳಿದ ಕಂದು ನೀರನ್ನು ಬೇರೆ ಕ್ಯಾನಿಗೆ ಹಿಡಿದ. ಅದನ್ನೂ ಲಾರಿಯವನಿಗೇ ಕೊಡಬೇಕು, ಚೆಲ್ಲುವಂತಿಲ್ಲ. ಆದರೆ ನೀರು ಪೂರಾ ಇಳಿಯಿತೆಂದು ತಿಳಿಯುವುದು ಹೇಗೆ?

ಲಾಂಡ್ರಿಯಾಕೆ ತನ್ನ ಹಳೇ ಇಸ್ತ್ರಿಪೆಟ್ಟಿಗೆ ತಂದಳು. ಕಾಯಿಸಿ, ಮಗುಚಿ ಇಟ್ಟು, ಕಡ್ಡಿಯ ತುದಿಯಿಂದ ಒಂದು ಹನಿ ಎಣ್ಣೆ ಬಿಟ್ಟಳು. ಚಟಪಟ ಸಿಡಿಯಿತು.

"ನೀರಿದೆ," ಎಂದರು ಇಬ್ಬರೂ ಒಟ್ಟಿಗೆ.

ಅಂದಿನಿಂದ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ಇಸ್ತ್ರಿಪೆಟ್ಟಿಗೆ ಹಿಡಿದು ಬರತೊಡಗಿದಳು. ಹನಿ ಪರೀಕ್ಷೆಗೆ ಒಂದು ಗಳಿಗೆ ಸಾಕು. ಮಾತಿಗೆ ಮಾತ್ರ ಹೊತ್ತು ಸಾಲುತ್ತಿರಲಿಲ್ಲ. ಅಪ್ಪನ ಲಾಂಡ್ರಿಯನ್ನೂ, ಅಪ್ಪ ತೀರಿಕೊಳ್ಳುವವರೆಗೆ ಅವನ ಕಾಯಿಲೆಯನ್ನೂ ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿಹೋದದ್ದನ್ನು ಅವಳು ಯಾರದೋ ಕಥೆಯೆಂಬಂತೆ ಹೇಳಿದಳು. ಹೆಂಡತಿಯ ಹಾಸಿಗೆಯ ಪಕ್ಕ ಕೂತು ಕಳೆದ ದಿನಗಳನ್ನು ಅವನು ಹೇಳಿದ. ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡಳು.

ಒಂದು ದಿನ ಊಟಕ್ಕೆ ಬಡಿಸುತ್ತ ಅವಳೇ ಕೆದಕಿದಳು.

"ಅಳಿಯಂದ್ರೇ, ಈ ಬೀದೀಲಿ ನಿಮ್ಮನ್ನ ಅಣ್ಣ ಅನ್ನದೆ ಇರೋ ಹೆಂಗಸು ಯಾರಿದಾರೆ?"

"ನೀವು."

"ನಾನಿರ್ಲಿ. ಆಮೇಲೆ?"

ಅವನು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಅವ್ರು... ಮೇಸ್ತ್ರಿ ಅಂತಾರೆ."

"ಮೊದಲ ದಿನ ಜಗಳಕ್ಕೆ ಬಂದಾಗ್ಲೂ ಮೇಸ್ತ್ರಿ. ಈಗ್ಲೂ ಮೇಸ್ತ್ರಿ. ಇಷ್ಟು ಸಲುಗೆ ಆದ್ಮೇಲೂ ಅಣ್ಣ ಅನ್ನೋ ಮಾತು ಬಾಯಿಗೆ ಬರ್ಲಿಲ್ಲ ಅಂದ್ರೆ ಏನರ್ಥ?"

ಮೇಸ್ತ್ರಿ ತುತ್ತನ್ನು ತಟ್ಟೆಗೆ ಮರಳಿಸಿದ. "ನಿಮ್ಮ ಮಗಳು ಏನಂದ್ಕೋತಾಳೆ ಅತ್ತೆ?"

"ನನ್ನ ಮಗಳು ಹೋಗಿದಾಳೆ. ಹೆತ್ತವಳು ನಾನೇ ಹೇಳ್ತಿದೀನಿ, ಲಾಂಡ್ರಿಯವಳನ್ನ ಕೇಳಿ ನೋಡಿ."

"ಆಮೇಲೆ ನೀವು?"

"ನಾನೆಲ್ಲಿಗೆ ಹೋಗ್ತೀನಿ? ನೀವು ಜಗಳಾನೇ ಆಡಲ್ಲ, ನನಗೂ ಬೇಜಾರು. ಅವಳಾದ್ರೆ ಒಂದಕ್ಕೆರಡು ಹೇಳ್ತಾಳೆ."

ಮುಂದಿನ ಸಲ ಲಾರಿ ಬರುವ ಹೊತ್ತಿಗೆ ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ಬಿದ್ದ ಹನಿ ಸಿಡಿಯದೆ, ತೆಳುವಾಗಿ ಹರಡಿ ಬರೀ ಹೊಗೆಯಾಯಿತು. ಲಾರಿಯವನು ಕಡ್ಡಿ ಅದ್ದಿ ನೋಡಿ, "ಭೇಷ್" ಎಂದು ಪೈಪು ಇಳಿಸಿದ. ಡ್ರಮ್ಮು ಗೊಳಗೊಳ ಸದ್ದು ಮಾಡಿ ಬರಿದಾಯಿತು. ಬುಡದ ನೀರಿನ ಕ್ಯಾನನ್ನೂ ಅವನು ಮರೆಯದೆ ಏರಿಸಿಕೊಂಡ.

ಲಾರಿ ತಿರುವು ದಾಟಿದ ಮೇಲೆ ಇಬ್ಬರೇ ಉಳಿದರು.

"ಡ್ರಮ್ಮು ಖಾಲಿ," ಎಂದ ಮೇಸ್ತ್ರಿ, ಎಣ್ಣೆಯಾಗದ ಕೈಯನ್ನೂ ಬಟ್ಟೆಗೆ ಒರೆಸುತ್ತ. "ಇನ್ನು ಸಂಜೆ ಬರೋಕೆ ನಿಮಗೆ ನೆಪ ಇಲ್ಲ."

"ನೆಪ ಬೇಕಾ?"

"ಬೇಡ. ಇಲ್ಲೇ ಇದ್ದುಬಿಡ್ತೀರಾ ಅಂತ ಕೇಳೋಣ ಅಂತಿದ್ದೆ. ಮದುವೆ ಆಗಿ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಮುಖ ಕೆಂಪಗಾಗಿತ್ತು. "ಅತ್ತೆಗೆ ಹೇಳಿದೀರಾ?"

"ಅವರೇ ನನಗೆ ಹೇಳಿದ್ದು."

ಅವಳು ಜೋರಾಗಿ ನಕ್ಕಳು. "ಆಯ್ತು. ಆದ್ರೆ ಕೈ ತೊಳೀದೆ ನನ್ನ ಬಟ್ಟೆ ಮುಟ್ಟಂಗಿಲ್ಲ."

"ಮೂರು ಸಲ ತೊಳೀತೀನಿ."

"ಸೋಪು ನನ್ನ ಹತ್ರಾನೇ ಕೊಳ್ಳಬೇಕಾಗುತ್ತೆ ಹಾಗಾದ್ರೆ."

ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮುಗಿಯಿತು. ಸಾಕ್ಷಿಗೆ ಅತ್ತೆ ಸಹಿ ಹಾಕಿದಳು, ಲಾರಿಯವನು ಹಾಕಿದ. ಗ್ಯಾರೇಜಿಗೂ ಲಾಂಡ್ರಿಗೂ ನಡುವಿನ ಬೇಲಿಯಲ್ಲಿ ಮೇಸ್ತ್ರಿ ಎರಡು ಗೂಟ ಕಿತ್ತು ಓಡಾಡಲು ದಾರಿ ಮಾಡಿದ. ಬಟ್ಟೆಯ ಕಂಬಗಳ ಬದಲಿಗೆ ಕಬ್ಬಿಣದ ಪೈಪು ನೆಟ್ಟ. ಹುಲ್ಲು ಬೆಳೆಯದ ಮೂಲೆಯ ಕರಿ ಮಣ್ಣನ್ನು ಅಗೆಸಿ, ಎಲ್ಲಿಗೆ ಕಳಿಸಬೇಕೆಂದು ಲಾರಿಯವನನ್ನೇ ಕೇಳಿ ಸಾಗಿಸಿದ. ಹೊಸ ಮಣ್ಣು ಬಂತು. ಅತ್ತೆ ಬದನೆ ಸಸಿ ನೆಟ್ಟು, ದಿನಾ ಅದರ ಎದುರು ಕೂತು ಎಲೆ ಎಣಿಸುತ್ತಾಳೆ.

ಬೀದಿಯ ಉಳಿದ ಗ್ಯಾರೇಜಿನವರೂ ಈಗ ಹಳೇ ಎಣ್ಣೆಯನ್ನು ಕ್ಯಾನಿನಲ್ಲಿ ತಂದು ಕೊಡುತ್ತಾರೆ. ತಂದವರನ್ನು ಲಾಂಡ್ರಿಯಾಕೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ, "ನೀರು ಬೆರೆಸಿಲ್ಲ ತಾನೆ?" ಹಾಲಿನವನನ್ನು ಕೇಳುವ ದನಿಯಲ್ಲಿ ಕೇಳುತ್ತಾಳೆ. ಅವರು ಮುಖ ಸಿಂಡರಿಸಿದರೆ ಒಳಗಿನಿಂದ ಅತ್ತೆ, "ಬೇಜಾರು ಮಾಡ್ಕೋಬೇಡಿ, ನನ್ನನ್ನೂ ಹಾಗೇ ಕೇಳ್ತಾಳೆ," ಎಂದು ಕೂಗಿ ಹೇಳುತ್ತಾಳೆ. ಅವರ ಕ್ಯಾನನ್ನು ಎತ್ತಿ ಒಳಗಿಡುತ್ತ ಮೇಸ್ತ್ರಿ ಒಳಗೊಳಗೇ ನಗುತ್ತಾನೆ.