ಸೊಂಟದ ಕಡೆ ಚಲಿಸಿದ ಕೈ

ಹೊರಗಿನ ಬೆಂಚು ಕಿರ್ರೆಂದಿತು, ಅವರೇ ಇರಬೇಕು, ಮಗ್ಗುಲು ಬದಲಿಸಿರಬೇಕು, ಒಂಬತ್ತೂವರೆಯಿಂದ ಕೂತಿದ್ದಾರೆ — ಅವರು, ನೋಡು, ಮನಸ್ಸಿನೊಳಗೆ ಈಗ ಮರ್ಯಾದೆ ಬಂದಿದೆ, ಮಂಗಳವಾರ ಬಸ್ ಸ್ಟಾಪಿನಲ್ಲಿ ಏಯ್ ನಿಂತ್ಕೋ ಅಲ್ಲೇ ಅಂದದ್ದೂ ಇದೇ ಬಾಯಿ. ನನಗಿಂತ ಹನ್ನೆರಡು ವರ್ಷವಾದರೂ ದೊಡ್ಡವರು, ಒಡವೆ ಅಂಗಡಿಯ ಬಾಗಿಲಲ್ಲಿ ಕಾವಲು ನಿಲ್ಲುವವರು, ಸ್ವಂತ ಪಿಸ್ತೂಲು ಇದ್ದವರಿಗೆ ಮಾತ್ರ ಕೆಲಸ ಎಂದು ಅಂಗಡಿಯವರು ಹೇಳಿದ್ದಕ್ಕೆ ಆ ವಯಸ್ಸಿನಲ್ಲಿ ಪರವಾನಗಿಗೆ ಅಲೆದವರು. ಈಗ ಆ ಪಿಸ್ತೂಲು ಠಾಣೆಯ ಬೀರುವಿನಲ್ಲಿದೆ, ಪರವಾನಗಿ ಕಾರ್ಡು ನನ್ನ ಮೇಜಿನ ಡ್ರಾಯರಿನಲ್ಲಿದೆ, ಅವರು ಬೆಂಚಿನ ಮೇಲೆ, ನನ್ನ ಮುಂದೆ ಒಂದು ಹಾಳೆ. ಹನ್ನೆರಡರೊಳಗೆ ವರದಿ ನನ್ನ ಟೇಬಲ್ ಮೇಲಿರ್ಬೇಕು ಅಂದಿದ್ದಾರೆ ಸಾಹೇಬರು, ಏನು ಬರೀಬೇಕು ಅಂತ ಗೊತ್ತಲ್ಲ, ಗೊತ್ತು ಸಾರ್, ಸದರಿ ವ್ಯಕ್ತಿಯ ಕೈ ಸೊಂಟದ ಕಡೆ ಚಲಿಸಿದ್ದರಿಂದ ಅನುಮಾನಗೊಂಡು ತಡೆಯಲಾಯಿತು — ಅಷ್ಟೇ, ಒಂದು ಸಾಲು. ಆ ಸಾಲು ಬಿದ್ದರೆ ನನ್ನ ಮೇಲಿನ ದೂರು ವಜಾ, ಅವರ ಪರವಾನಗಿ ರದ್ದು, ಪರವಾನಗಿ ಹೋದರೆ ಕೆಲಸವೂ ಹೋಯಿತು, ಅಂಗಡಿಯವರು ಆಗಲೇ ತೀರ್ಮಾನ ಆಗೋವರೆಗೂ ಬರಬೇಡಿ ಅಂದಿದ್ದಾರಂತೆ. ಸದರಿ ವ್ಯಕ್ತಿಯ ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ, ರಟ್ಟಿನ ಮೇಲೆ ಗೀಚಿ ನೋಡಿದೆ, ಚೆನ್ನಾಗಿ ಬರೆಯುತ್ತದೆ, ಪೆನ್ನಿನದೇನೂ ತಪ್ಪಿಲ್ಲ.

ಸುತ್ತೋಲೆ ಬಂದು ತಿಂಗಳಾಯಿತು, ನೋಟೀಸು ಬೋರ್ಡಿಗೆ ಪಿನ್ನು ಚುಚ್ಚಿದವನೂ ನಾನೇ, ಪರವಾನಗಿ ಉಳ್ಳವರು ಆಯುಧ ಇಟ್ಟುಕೊಂಡು ಓಡಾಡುವುದು ಅಪರಾಧವಲ್ಲ, ಆಯುಧ ಕಂಡಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ತಡೆದು ಪರವಾನಗಿ ಕೇಳತಕ್ಕದ್ದಲ್ಲ, ಅನುಮಾನಕ್ಕೆ ಬೇರೆ ಆಧಾರ ಇರತಕ್ಕದ್ದು. ಓದಿ ನಕ್ಕಿದ್ದೇವೆ. ಗಾಡಿ ಓಡಿಸೋನನ್ನ ಲೈಸೆನ್ಸ್ ಕೇಳಬಹುದಂತೆ, ಪಿಸ್ತೂಲು ಸಿಗಿಸ್ಕೊಂಡೋನನ್ನ ಕೇಳಬಾರದಂತೆ, ಗುಂಡು ಹಾರಿದ ಮೇಲೆ ಕೇಳೋಣ ಬಿಡಿ, ಅಂದವನು ನಾನು, ಸಾಹೇಬರು ಚಹಾ ಕುಡಿಯುತ್ತಿದ್ದವರು ಕೆಮ್ಮುವಷ್ಟು ನಕ್ಕರು. ಈಗಲೂ ಅನ್ನಿಸುತ್ತದೆ ಆ ಮಾತು ಪೂರ್ತಿ ಸುಳ್ಳಲ್ಲ, ಬಸ್ ಸ್ಟಾಪಿನಲ್ಲಿ ಮಕ್ಕಳು ಮರಿ ನಿಂತಿರುತ್ತಾರೆ, ಯಾರ ಸೊಂಟದಲ್ಲಿ ಏನಿದೆಯೋ, ಕೇಳುವುದೇ ತಪ್ಪಾದರೆ ನಾವು ಈ ಬಟ್ಟೆ ತೊಟ್ಟು ಬಿಸಿಲಲ್ಲಿ ನಿಲ್ಲುವುದಾದರೂ ಯಾಕೆ, ಕೇಳಬೇಕು, ಎಲ್ಲರನ್ನೂ ಕೇಳಬೇಕು — ಎಲ್ಲರನ್ನೂ, ಅಲ್ಲೇ ಬಂದು ಎಡವುತ್ತೇನೆ, ನಿನ್ನೆಯಿಂದ ಎಷ್ಟು ಸಲ ಎಡವಿದೆನೋ. ಯಾಕೆಂದರೆ ಅವರಿಗಿಂತ ಐದು ನಿಮಿಷ ಮೊದಲು ಅದೇ ಸ್ಟಾಪಿನ ಮುಂದೆ ಕಾರಿನಿಂದ ಇಳಿದ ರಸ್ತೆ ಗುತ್ತಿಗೆದಾರನ ಸೊಂಟದಲ್ಲಿ ಇನ್ನೂ ದೊಡ್ಡ ಪಿಸ್ತೂಲು, ಹೊಳೆಯುವ ಚರ್ಮದ ಚೀಲ, ಕೋಟು ಸರಿಸಿ ಬೇಕೆಂದೇ ಕಾಣಿಸುವ ಹಾಗೆ. ಏನಯ್ಯಾ ಚೆನ್ನಾಗಿದ್ದೀಯಾ ಅಂದ. ಚೆನ್ನಾಗಿದ್ದೀನಿ ಸಾರ್, ನೀವು ಹೇಗಿದ್ದೀರಿ, ಎಂದು ಹಲ್ಲು ಕಿರಿದೆ, ಅವನ ಕಾರಿಗೆ ದಾರಿ ಮಾಡಿಕೊಡಲು ಒಂದು ಆಟೋವನ್ನು ಬೈದು ಓಡಿಸಿದೆ. ಅವನ ಪರವಾನಗಿಯ ಬಣ್ಣ ಯಾವುದೋ ನಾನು ಇವತ್ತಿಗೂ ಕಂಡಿಲ್ಲ. ಆಮೇಲೆ ಎದೆಯೊಳಗೆ ಏನೋ ಚುರ್ ಎಂದಿತು, ಹೀಗೆ ಹಲ್ಲು ಕಿರಿದೆನಲ್ಲ ಎಂದು, ಅಷ್ಟರಲ್ಲಿ ಸವೆದ ಚಪ್ಪಲಿಯ ಇವರು ಸಾಲಿನಲ್ಲಿ ಕಂಡರು, ಸೊಂಟದಲ್ಲಿ ಹಳೆಯ ಕ್ಯಾನ್ವಾಸ್ ಚೀಲ. ಅಷ್ಟೇ ನಡೆದದ್ದು. ಅದನ್ನು ಅನುಮಾನ ಎಂದು ಕರೆಯುತ್ತಾರಾ, ಹಾಳೆಯ ಮೇಲೆ ಹೇಗೆ ಬರೆಯುವುದು ಅದನ್ನು.

ಏಯ್ ನಿಂತ್ಕೋ ಅಲ್ಲೇ. ನಿಂತರು. ಪರವಾನಗಿ ಎಂಬ ಮಾತು ನನ್ನ ಬಾಯಿಂದ ಇನ್ನೂ ಬಿದ್ದಿರಲಿಲ್ಲ, ಅವರ ಎಡಗೈ ಮೇಲೆ ಹೋಯಿತು, ಅಂಗೈ ಅಗಲ, ಬಲಗೈಯ ಎರಡು ಬೆರಳು ಶರ್ಟಿನ ಜೇಬಿಗೆ — ಎರಡೇ ಬೆರಳು, ನಾವು ಹೇಳಿಕೊಡುವುದೇ ಹಾಗೆ, ಕಾರ್ಡು ಎರಡೇ ಬೆರಳಲ್ಲಿ ತೆಗಿ, ಇನ್ನೊಂದು ಕೈ ನನಗೆ ಕಾಣೋ ಹಾಗೆ ಇರಲಿ — ಯಾರೋ ಹೇಳಿಕೊಟ್ಟಿದ್ದಾರೆ, ಒಬ್ಬರಲ್ಲ, ಬಹಳ ಜನ. ಸೊಂಟದ ಹತ್ತಿರ ಕೈ ಸುಳಿಯಲೇ ಇಲ್ಲ, ಸೊಂಟವೊಂದು ಇದೆ ಎಂಬುದನ್ನೇ ಮರೆತವರ ಹಾಗೆ ನಿಂತಿದ್ದರು. ಕಾರ್ಡು ಕೊಟ್ಟರು. ಪ್ಲಾಸ್ಟಿಕ್ಕಿನ ಮೂಲೆಗಳೆಲ್ಲ ದುಂಡಗಾಗಿವೆ, ಫೋಟೋದಲ್ಲಿ ಮುಖವೇ ಇಲ್ಲ, ಒಂದು ಕಿವಿ, ಒಂದಿಷ್ಟು ಕಾಲರು, ನಡುವೆ ಬರೀ ಬಿಳಿ. ಇದು ಯಾರದ್ದೋ ಏನೋ, ಇದರಲ್ಲಿ ಮುಖ ಎಲ್ಲಿದೆ, ಅಂದೆ, ಗಟ್ಟಿಯಾಗಿ, ಸಾಲಿನವರಿಗೆಲ್ಲ ಕೇಳುವ ಹಾಗೆ. ಅವರು ಮೆಲ್ಲಗೆ, ಎಲ್ಲರೂ ತಗೊಂಡು ನೋಡ್ತಾರಲ್ಲ ಸಾರ್, ಸವೆದುಹೋಗಿದೆ, ಅಂದರು. ಆಗ ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ, ಈ ಮೇಜಿನ ಮುಂದೆ ಕೂತ ಮೇಲೆ ಹೋಗುತ್ತಿದೆ, ನಾವೇ ಕೇಳಿ ಕೇಳಿ ಉಜ್ಜಿ ಅಳಿಸಿದ ಮುಖ, ಮುಖ ಇಲ್ಲವೆಂದು ನಾನೇ ಹಿಡಿದೆ. ಗುತ್ತಿಗೆದಾರನ ಕಾರ್ಡು ಹೊಸದಾಗಿಯೇ ಇರುತ್ತದೆ, ಅದನ್ನು ಯಾರು ಮುಟ್ಟಿದ್ದಾರೆ. ಆಮೇಲೆ ಅವರು ಒಂದೇ ಒಂದು ಕೇಳಿಕೊಂಡರು. ಎದುರುಗಡೆಯೇ ಅವರು ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ ಒಡವೆ ಅಂಗಡಿ, ಗಾಜಿನೊಳಗಿಂದ ಕೌಂಟರಿನ ಹುಡುಗಿಯರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಸಾರ್, ಸ್ವಲ್ಪ ಆ ಗೋಡೆ ಹಿಂದೆ ಹೋಗೋಣ್ವಾ, ಅಲ್ಲಿ ಏನು ಬೇಕಾದ್ರೂ ನೋಡಿ.

ಇಲ್ಲೇ ನಿಂತ್ಕೋ ಅಂದೆ. ಹತ್ತು ಹೆಜ್ಜೆಯ ಮಾತು, ನನ್ನ ಗಂಟೇನೂ ಹೋಗುತ್ತಿರಲಿಲ್ಲ, ಇಲ್ಲೇ ನಿಂತ್ಕೋ ಅಂದೆ, ಅವರ ಬಸ್ಸು ಬಂತು, ಸಾಲು ಅವರನ್ನು ಬಳಸಿಕೊಂಡು ಹತ್ತಿತು, ಬಸ್ಸು ಹೋಯಿತು, ಪಿಸ್ತೂಲು, ಕಾರ್ಡು ಎರಡನ್ನೂ ವಶಕ್ಕೆ ತೆಗೆದುಕೊಂಡೆ. ಹತ್ತದೆ ಉಳಿದವರು ಒಬ್ಬ ಟೀಚರಮ್ಮ ಮಾತ್ರ, ಕನ್ನಡಕ ಸರಿಮಾಡಿಕೊಂಡು ನನ್ನ ಎದೆಯ ಮೇಲಿನ ನಂಬರು ಬರೆದುಕೊಂಡರು, ದೂರು ಅವರದ್ದು, ಇವರು ಕೊಟ್ಟದ್ದಲ್ಲ, ಇವರು ಯಾರ ಮೇಲೂ ಏನೂ ಹೇಳಿಲ್ಲ, ಅದೇ ನನಗೆ ತಡೆಯಲಾಗದ್ದು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ನನ್ನ ಕಡೆಯ ಕಥೆಯನ್ನೇ ಹೇಳಿದೆ, ಸುತ್ತೋಲೆ, ದೂರು, ಜನರಿಗೋಸ್ಕರ ಸಾಯೋದು ನಾವು ಬೈಸಿಕೊಳ್ಳೋದೂ ನಾವು, ಎಂದೆಲ್ಲ, ಪಿಸ್ತೂಲು ಸಿಗಿಸಿಕೊಂಡ ಗುತ್ತಿಗೆದಾರ ಕಾರಿನಿಂದ ಇಳಿದು ನನ್ನನ್ನು ಮಾತಾಡಿಸಿದ್ದನ್ನೂ ಸೇರಿಸಿ. ಅವಳು ಬಡಿಸುತ್ತಾ, ಆ ಕಾರಿನವರನ್ನ ಕೇಳಿದ್ರಾ ಅಂದಳು, ಚುಚ್ಚುವುದಕ್ಕಲ್ಲ, ಗೊತ್ತಿಲ್ಲದೆ ಕೇಳಿದಳು. ಕೇಳದೆ ಇರ್ತೀನಾ ಅಂದೆ. ಮನೆಯೊಳಗೂ ಒಂದು ಸುಳ್ಳು ವರದಿ. ಅವಳು ನಂಬಿದಳು, ನಂಬಿ ಇನ್ನೊಂದು ಸೌಟು ಬಡಿಸಿದಳು.

ಹನ್ನೊಂದು ಇಪ್ಪತ್ತು. ಸಾಹೇಬರ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ನಿಂತಿತು, ಬರೆದುಬಿಡು, ಯಾವುದನ್ನು, ಯಾವುದನ್ನಾದರೂ. ಸದರಿ ವ್ಯಕ್ತಿಯ ಎಂಬುದನ್ನು ಹೊಡೆದುಹಾಕಿದೆ. ಇವರ ಕೈ ಸೊಂಟದ ಕಡೆ ಹೋಗಲಿಲ್ಲ. ನಾನು ಕೇಳುವ ಮೊದಲೇ ಕಾರ್ಡು ತೆಗೆದುಕೊಟ್ಟರು. ಆಯುಧ ಕಂಡದ್ದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಅದಕ್ಕೂ ಮೊದಲು ಆಯುಧ ಧರಿಸಿದ್ದ ಇನ್ನೊಬ್ಬರನ್ನು ನಾನು ಕೇಳಲಿಲ್ಲ. ಸಹಿ ಹಾಕಿದೆ, ಒಳಗೆ ಒಯ್ದು ಟೇಬಲ್ ಮೇಲಿಟ್ಟೆ, ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಓದಿದರು, ಬಡ್ತಿ ಮರೆತುಬಿಡು ಅಂದರು, ಆಯ್ತು ಸಾರ್, ಪಿಸ್ತೂಲು ಕೊಟ್ಟು ಕಳ್ಸು ಅಂದರು, ಆಯ್ತು ಸಾರ್. ಮೈ ಹಗುರ. ಹಗುರವೇ ಆಯಿತು, ಸುಳ್ಳು ಯಾಕೆ, ಒಳಗೊಳಗೇ ಬೆನ್ನು ತಟ್ಟಿಕೊಂಡೆ, ಕಡೆಗೂ ನೆಟ್ಟಗೆ ನಡೆದುಕೊಂಡೆಯಲ್ಲ ಎಂದು, ಡ್ರಾಯರಿನಿಂದ ಕಾರ್ಡು ತೆಗೆದೆ, ಹೇಗೆ ಹೇಳಬೇಕೆಂದು ಬಾಯಲ್ಲೇ ಜೋಡಿಸಿಕೊಂಡೆ, ತಗೊಳ್ಳಿ ಅಣ್ಣಾ, ಎಲ್ಲಾ ಸರಿಹೋಯ್ತು, ನನ್ನಿಂದ ತಪ್ಪಾಯ್ತು — ಅವರು ನಗಬಹುದು, ಪರವಾಗಿಲ್ಲ ಬಿಡಿ ಸಾರ್ ಅನ್ನಬಹುದು, ಅನ್ನಲಿ ಎಂದು ಆಸೆ, ನಾಚಿಕೆಗೆಟ್ಟ ಆಸೆ. ಬಾಗಿಲು ತಳ್ಳಿದೆ. ಬೆಂಚಿನಿಂದ ತಟ್ಟನೆ ಎದ್ದರು. ಅಣ್ಣಾ ಎನ್ನಬೇಕು, ಬಾಯಿ ತೆರೆದಿದೆ, ಕಾರ್ಡು ನನ್ನ ಕೈಯಲ್ಲಿದೆ, ಅವರಿಗೂ ಕಾಣುತ್ತಿದೆ, ಆದರೂ ಎಡಗೈ ಮೇಲೆ ಹೋಗಿದೆ, ಅಂಗೈ ಅಗಲ, ಬಲಗೈ ಶರ್ಟಿನ ಜೇಬಿಗೆ, ಇಲ್ಲ ಅಣ್ಣಾ, ಕಾರ್ಡು ಇಲ್ಲಿದೆ, ನನ್ನ ಹತ್ತಿರ ಇದೆ, ಕೈ ಇಳಿಸಿ, ಮಾತು ಹೊರಗೆ ಬರುತ್ತಿಲ್ಲ, ಅವರ ಕಣ್ಣು ನನ್ನ ಮೇಲೇ, ಜೇಬಿನೊಳಗೆ ಎರಡು ಬೆರಳು ಹುಡುಕುತ್ತಿವೆ, ಖಾಲಿ ಜೇಬು, ಎರಡು ಬೆರಳು, ಹುಡುಕುತ್ತಿವೆ, ಎರಡೇ ಬೆರಳು